ಕರ್ಣನ ಕವಚ ಮನೆಯಲ್ಲೇ ಸಿದ್ಧವಾಗಲಿ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಸ್ನೇಹಸಮ್ಮೇಳನದ ಸಡಗರ. ಅದು ಮುಗಿಯುವಷ್ಟರಲ್ಲಿ ಫೆಬ್ರವರಿ 19ರ ಶಿವಜಯಂತಿ. ಹಾತಕಣಂಗಲೆಯಿರಲಿ, ಇಚಲಕರಂಜಿಯಿರಲಿ, ಗಡಹಿಂಗ್ಲಜವಿರಲಿ, ಈ ದಿನಗಳಲ್ಲಿ ಮಕ್ಕಳು ಮನೆಗೆ ತರುವ ಬೇಡಿಕೆ ಒಂದೇ: ‘ನನಗೆ ವೀರನ ವೇಷ ಬೇಕು.’ ಒಬ್ಬನಿಗೆ ಸಂಗೊಳ್ಳಿ ರಾಯಣ್ಣನ ಪಾತ್ರ, ಒಬ್ಬಳಿಗೆ ಕಿತ್ತೂರ ಚೆನ್ನಮ್ಮನ ಪಾತ್ರ, ಇನ್ನೊಬ್ಬನಿಗೆ ಕರ್ಣ. ಖಡ್ಗ ರಟ್ಟಿನಿಂದ ಆದೀತು, ರುಮಾಲು ಅಜ್ಜನ ಪೆಟ್ಟಿಗೆಯಿಂದ ದೊರೆತೀತು. ಕವಚವೊಂದೇ ಕಷ್ಟ. ಬಾಡಿಗೆಗೆ ತಂದ ಕವಚ ಯಾವುದೋ ಮಗುವಿನ ಅಳತೆಗೆ ಮಾಡಿದ್ದು. ಒಬ್ಬನಿಗೆ ಕುತ್ತಿಗೆ ಉಜ್ಜುತ್ತದೆ, ಇನ್ನೊಬ್ಬನಿಗೆ ಮೊಣಕಾಲಿಗೆ ಬಡಿಯುತ್ತದೆ. ಮಾತು ಬಾಯಿಪಾಠವಾಗಿದ್ದರೂ ಮಗು ಕವಚವನ್ನು ಸರಿಪಡಿಸಿಕೊಳ್ಳುವುದರಲ್ಲಿಯೇ ಮಾತು ಮರೆಯುತ್ತದೆ.

ಪ್ಲಾಸ್ಟಿಕ್ ಹಾಳೆ ಅಥವಾ ಫೋಮ್ ಹಾಳೆಯಿಂದ ಇಂಥ ಕವಚವನ್ನು ಮನೆಯಲ್ಲಿಯೇ, ಎರಡು ಭಾನುವಾರಗಳ ಕೆಲಸದಲ್ಲಿ, ಮಗುವಿನ ಮೈಗೆ ಒಪ್ಪುವಂತೆ ಮಾಡಲು ಸಾಧ್ಯ. ಇಲ್ಲಿ ಕರ್ಣನ ಕವಚವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ. ಅದಕ್ಕೆ ಕಾರಣವಿದೆ. ಉಳಿದ ವೀರರ ಕವಚ ಮೈಮೇಲೆ ನಿಂತರೆ ಸಾಕು. ಕರ್ಣನದು ಎಲ್ಲರೆದುರಿಗೆ ಕಳಚಿ ಇಂದ್ರನ ಕೈ ಸೇರಬೇಕು. ತೊಡುವುದು ಸುಲಭವಾಗಿಯೂ ಕಳಚುವುದು ಕಠಿಣವಾಗಿಯೂ ಇದ್ದರೆ ದಾನದ ಪ್ರಸಂಗವೇ ನಗೆಪಾಟಲಾಗುತ್ತದೆ.

ರಂಗದ ಕವಚದ ಗುಣ

ಯುದ್ಧದ ಕವಚಕ್ಕೂ ರಂಗದ ಕವಚಕ್ಕೂ ಇರುವ ಅಂತರವನ್ನು ನಮ್ಮ ಹಿರಿಯ ಕಲಾವಿದರು ಎಂದೋ ಅರಿತಿದ್ದರು. ಉತ್ತರ ಕರ್ನಾಟಕದ ದೊಡ್ಡಾಟದ ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ನೋಡಿದವರಿಗೆ ಅವು ಭಾರವೆನಿಸುತ್ತವೆ. ಕರಾವಳಿಯ ಯಕ್ಷಗಾನದ ಆಭರಣಗಳೂ ಹಾಗೆಯೇ ಚಿನ್ನದಂತೆ ಹೊಳೆಯುತ್ತವೆ. ಆದರೆ ಆ ಹೊಳಪಿನ ಅಡಿಯಲ್ಲಿರುವುದು ಹಗುರ ಮರ, ಬೇಗಡೆ, ಕನ್ನಡಿಯ ಚೂರು. ಇಡೀ ರಾತ್ರಿ ಕುಣಿಯಬೇಕಾದ ಕಲಾವಿದನಿಗೆ ಬೇಕಾದದ್ದು ಕಣ್ಣಿಗೆ ಭಾರವಾಗಿ, ಮೈಗೆ ಹಗುರವಾಗಿ ಇರುವ ವೇಷ. ಪ್ಲಾಸ್ಟಿಕ್ ಬಂದ ಮೇಲೂ ಈ ನಿಯಮ ಬದಲಾಗಿಲ್ಲ.

ಜಗತ್ತಿನಲ್ಲಿ ಅತ್ಯಂತ ಪ್ರಸಿದ್ಧವಾದ ಪ್ಲಾಸ್ಟಿಕ್ ಕವಚ ‘ಸ್ಟಾರ್ ವಾರ್ಸ್’ ಚಲನಚಿತ್ರದ ಬಿಳಿಯ ಸೈನಿಕರದು. 1977ರಲ್ಲಿ ತೆರೆಕಂಡ ಆ ಚಿತ್ರಕ್ಕಾಗಿ ಇಂಗ್ಲೆಂಡಿನಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಮೆತ್ತಗಾದಾಗ ಅಚ್ಚಿನ ಮೇಲೆ ಹರಡಿ, ಅಡಿಯಿಂದ ಗಾಳಿಯನ್ನು ಹೀರಿ ಕವಚಗಳನ್ನು ತಯಾರಿಸಿದರು. ನೋಡಲು ಉಕ್ಕಿನಂತಿದ್ದ ಆ ವೇಷ ತೊಟ್ಟವರಿಗೆ ಶಿರಸ್ತ್ರಾಣದೊಳಗಿಂದ ಸರಿಯಾಗಿ ಕಾಣುತ್ತಿರಲಿಲ್ಲ. ಒಬ್ಬ ಸೈನಿಕ ಬಾಗಿಲಿಗೆ ತಲೆ ಬಡಿಸಿಕೊಳ್ಳುವ ದೃಶ್ಯ ಚಿತ್ರದಲ್ಲಿ ಹಾಗೆಯೇ ಉಳಿದಿದೆ! ಆ ಶಿರಸ್ತ್ರಾಣ ಶಿಲ್ಪವೋ ಅಲ್ಲವೋ ಎಂಬ ವ್ಯಾಜ್ಯ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಅದು ಶಿಲ್ಪವಲ್ಲವೆಂದು 2011ರಲ್ಲಿ ತೀರ್ಪಾಯಿತು. 1997ರಲ್ಲಿ ಅಮೆರಿಕದಲ್ಲಿ ಆರಂಭವಾದ ‘501ನೇ ಲೀಜನ್’ ಎಂಬ ಹವ್ಯಾಸಿಗಳ ಸಂಘದ ಸದಸ್ಯರು ಇಂದಿಗೂ ಇಂಥ ಕವಚಗಳನ್ನು ಮನೆಯಲ್ಲಿ ಜೋಡಿಸಿ ತೊಟ್ಟು ಧರ್ಮಕಾರ್ಯಗಳಿಗೆ ಹೋಗುತ್ತಾರೆ.

ಕೊಲ್ಹಾಪುರಕ್ಕೂ ಈ ಬಗೆಯ ಕೈಕಸುಬು ಹೊಸದಲ್ಲ. ರಂಗಪರದೆಗಳನ್ನು ಬರೆಯುತ್ತಿದ್ದ ಬಾಬುರಾವ್ ಪೇಂಟರ್ ಇದೇ ಊರಿನಲ್ಲಿ ಕ್ಯಾಮೆರಾವನ್ನು ತಾವೇ ಕಟ್ಟಿ ಚಿತ್ರ ನಿರ್ಮಿಸಿದವರು. 1923ರಲ್ಲಿ ಬಂದ ಅವರ ‘ಸಿಂಹಗಡ’ ಚಿತ್ರ ಮರಾಠಾ ವೀರರ ಕಥೆಯನ್ನು ತೆರೆಗೆ ತಂದಿತು. ಬೇಕಾದದ್ದು ಪೇಟೆಯಲ್ಲಿ ದೊರೆಯದಿದ್ದರೆ ಮಾಡಿಕೊಳ್ಳುವುದು ಈ ನೆಲದ ಗುಣವೇ ಸರಿ.

ಯಾವ ಪ್ಲಾಸ್ಟಿಕ್?

ಮೊದಲು ಭಾರದ ಲೆಕ್ಕ ನೋಡೋಣ. ಹತ್ತು ವರ್ಷದ ಮಗುವಿನ ಕವಚಕ್ಕೆ ಸುಮಾರು ಅರ್ಧ ಚದರ ಮೀಟರ್ ಹಾಳೆ ಬೇಕೆಂದು ಹಿಡಿಯಿರಿ. 1 ಮಿ.ಮೀ. ದಪ್ಪದ ಉಕ್ಕಿನ ತಗಡಾದರೆ ಅದು ಸುಮಾರು 4 ಕಿಲೋ ತೂಗುತ್ತದೆ. 2 ಮಿ.ಮೀ. ದಪ್ಪದ ಎಬಿಎಸ್ ಪ್ಲಾಸ್ಟಿಕ್ಕಾದರೆ ಸುಮಾರು 1 ಕಿಲೋ. ಚಪ್ಪಲಿಯ ಅಟ್ಟೆಗೆ ಬಳಸುವ ಇವಿಎ ಫೋಮ್ ಹಾಳೆಯಾದರೆ ಅದಕ್ಕಿಂತಲೂ ಕಡಿಮೆ. ಮನೆಯ ಮೊದಲ ಪ್ರಯತ್ನಕ್ಕೆ 5 ಮಿ.ಮೀ. ದಪ್ಪದ ಫೋಮ್ ಹಾಳೆಯೇ ಯೋಗ್ಯ. ಕತ್ತರಿಗೆ ಬಗ್ಗುತ್ತದೆ, ಬಿದ್ದರೆ ಒಡೆಯುವುದಿಲ್ಲ, ಅಂಚು ಚುಚ್ಚುವುದಿಲ್ಲ.

ಹಳೆಯ ಡಬ್ಬ, ಕ್ಯಾನುಗಳನ್ನು ಬಳಸುವವರು ಅವುಗಳ ತಳದಲ್ಲಿರುವ ತ್ರಿಕೋನ ಚಿಹ್ನೆಯ ಅಂಕಿಯನ್ನು ಓದಬೇಕು. 2 ಮತ್ತು 5 ಇದ್ದರೆ ಅದರ ಮೇಲೆ ಅಂಟೂ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ. ತೂತು ಕೊರೆದು ದಾರದಿಂದ ಹೊಲಿಯಬೇಕು ಅಥವಾ ರಿವೆಟ್ ಹಾಕಿಸಬೇಕು. 3 ಇದ್ದರೆ ಅದು ಪಿವಿಸಿ. ಅದನ್ನು ಎಂದಿಗೂ ಬೆಂಕಿಗೆ ಹಿಡಿಯಬಾರದು; ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಹೊರಟು ಕಣ್ಣು, ಗಂಟಲು, ಶ್ವಾಸಕೋಶಗಳಿಗೆ ಅಪಾಯವಾಗುತ್ತದೆ. ನೀರಿನ ಕೊಳವೆ, ಹಳೆಯ ಫ್ಲೆಕ್ಸ್ ಫಲಕ, ಫಲಕ ಬರೆಯುವವರ ಸನ್‌ಬೋರ್ಡ್ ಸಾಮಾನ್ಯವಾಗಿ ಇದೇ ಜಾತಿಯವು. ಥರ್ಮಾಕೋಲ್ ಬೇಡ. ಅಲಂಕಾರದ ಥರ್ಮಾಕೋಲನ್ನು ಮಹಾರಾಷ್ಟ್ರ ಸರಕಾರ 2018ರಲ್ಲಿಯೇ ನಿಷೇಧಿಸಿದೆ. ಅಲ್ಲದೆ ಸ್ಪ್ರೇ ಬಣ್ಣ ತಗುಲಿದರೆ ಅದು ಕರಗಿ ಗುಳಿ ಬೀಳುತ್ತದೆ.

ಅಳತೆಯಲ್ಲಿ ಅಡಗಿದ ಗಣಿತ

ಮಗುವಿಗೆ ಒಂದು ಹಳೆಯ, ಸಡಿಲವಾದ ಅಂಗಿ ತೊಡಿಸಿ. ಅದರ ಮೇಲೆ ಎದೆಯಿಂದ ಸೊಂಟದವರೆಗೆ ಪ್ಯಾಕಿಂಗ್ ಟೇಪನ್ನು ಬಿಗಿಯದಂತೆ ಅಂಟಿಸುತ್ತ ಬನ್ನಿ. ಕುತ್ತಿಗೆಯ ಹತ್ತಿರ ಟೇಪು ಬೇಡ. ಬಳಿಕ ಸ್ಕೆಚ್ ಪೆನ್ನಿನಿಂದ ನಡುಗೆರೆ, ಭುಜದ ಗೆರೆ, ಕಂಕುಳ ಕೆಳಗಿನ ಗೆರೆ, ಸೊಂಟದ ಗೆರೆ ಎಳೆಯಿರಿ. ಮೊಂಡು ತುದಿಯ ಕತ್ತರಿಯಿಂದ ಬೆನ್ನ ಕಡೆ ಅಂಗಿಯ ಸಮೇತ ಕತ್ತರಿಸಿ ಬಿಚ್ಚಿದರೆ ಮಗುವಿನ ಮೈಯ ಆಕಾರವೇ ಕೈಗೆ ಬಂದಂತಾಯಿತು. ಅದನ್ನು ಗೆರೆಗಳ ಗುಂಟ ತುಂಡರಿಸಿ ಕಾಗದದ ಮೇಲೆ ಹರಡಿ ನಮೂನೆ ತೆಗೆದುಕೊಳ್ಳಿ. ಎದೆಯ ಅರ್ಧ ಭಾಗದ ನಮೂನೆ ಸಾಕು. ಅದನ್ನೇ ಮಗುಚಿದರೆ ಇನ್ನರ್ಧ. ಹೀಗೆ ಮಾಡಿದರೆ ಎಡಬಲಗಳು ಸಮನಾಗಿರುತ್ತವೆ. ಪ್ರತಿ ತುಂಡಿನ ಮೇಲೂ ‘ಎಡ’, ‘ಬಲ’, ‘ಒಳಬದಿ’ ಎಂದು ಬರೆಯಲು ಮರೆಯಬೇಡಿ.

ಇಲ್ಲಿ ಶಾಲೆಯ ಗಣಿತ ಪ್ರತ್ಯಕ್ಷವಾಗುತ್ತದೆ. ಮಗುವಿನ ಎದೆಯ ಸುತ್ತಳತೆ ಬಟ್ಟೆಯ ಮೇಲಿಂದ 66 ಸೆಂ.ಮೀ. ಎಂದುಕೊಳ್ಳಿ. ಫೋಮಿನ ದಪ್ಪ ಅರ್ಧ ಸೆಂ.ಮೀ. ಅದು ಮೈಯನ್ನು ಸುತ್ತಿದಾಗ ಹೊರಸುತ್ತಳತೆ, ದಪ್ಪದ ಎರಡರಷ್ಟನ್ನು 3.14ರಿಂದ ಗುಣಿಸಿದಷ್ಟು, ಅಂದರೆ ಸುಮಾರು 3 ಸೆಂ.ಮೀ. ಹೆಚ್ಚಾಗಿ 69 ಆಗುತ್ತದೆ. ಇದನ್ನು ಮರೆತು 66ಕ್ಕೇ ಕತ್ತರಿಸಿದವರ ಕವಚ ಬಿಗಿಯಾಗುತ್ತದೆ. ಮುಂದಿನ ಮತ್ತು ಹಿಂದಿನ ಹಾಳೆಗಳೆರಡೂ ಸೇರಿ 65 ಸೆಂ.ಮೀ. ಇರಲಿ, ಎರಡೂ ಪಕ್ಕಗಳಲ್ಲಿ ತಲಾ 2 ಸೆಂ.ಮೀ. ತೆರವು ಉಳಿಯಲಿ. ಆ ತೆರವನ್ನು ಎಲಾಸ್ಟಿಕ್ ಪಟ್ಟಿ ತುಂಬುತ್ತದೆ. ಮಗು ಎದೆ ತುಂಬ ಉಸಿರೆಳೆದು ಸಂಭಾಷಣೆ ಹೇಳುವುದು ಈ ನಾಲ್ಕು ಸೆಂಟಿಮೀಟರಿನ ಕೃಪೆಯಿಂದ.

ಕವಚದ ಕೆಳಅಂಚು ಸೊಂಟ ಬಾಗುವ ಗೆರೆಗಿಂತ ಎರಡು ಬೆರಳು ಮೇಲಿರಬೇಕು. ಅದಕ್ಕಿಂತ ಕೆಳಗಿಳಿದರೆ ಮಗು ಕುಳಿತಾಗ ಕವಚ ಮೇಲೆದ್ದು ಗಲ್ಲಕ್ಕೆ ತಾಗುತ್ತದೆ. ಸೊಂಟದ ಕೆಳಗಿನ ಶೋಭೆಗೆ ಬಿಡಿ ಪಟ್ಟಿಗಳನ್ನು ನಡುಪಟ್ಟಿಗೆ ತೂಗಬಿಡಿ.

ಕತ್ತರಿಸಿ ಕೂಡಿಸುವುದು

ನಮೂನೆಯನ್ನು ಮೊದಲು ಹಳೆಯ ರಟ್ಟಿನಲ್ಲಿ ಕತ್ತರಿಸಿ ಮಗುವಿಗೆ ಹಿಡಿದು ನೋಡಿ. ರಟ್ಟಿನಲ್ಲಿ ಆದ ತಪ್ಪಿಗೆ ಖರ್ಚಿಲ್ಲ. ಫೋಮನ್ನು ಹೊಸ ಬ್ಲೇಡಿನಿಂದ ಹಿರಿಯರೇ ಕತ್ತರಿಸಬೇಕು. ಎದೆಯ ಉಬ್ಬಿಗೆ ರವಿಕೆಗೆ ಟೇಲರರು ಹಾಕುವ ಟಕ್ಸ್ ತಂತ್ರವೇ ಸಾಕು: ಕಂಕುಳ ಕಡೆಯಿಂದ ತ್ರಿಕೋನಾಕಾರದ ಸಣ್ಣ ತುಂಡು ತೆಗೆದು ಅಂಚುಗಳನ್ನು ಕೂಡಿಸಿದರೆ ಹಾಳೆ ತಾನಾಗಿ ಬಾಗುತ್ತದೆ.

ಕೂಡಿಸಲು ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಅಂಟು ಉತ್ತಮ. ಎರಡೂ ಅಂಚುಗಳಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಆರಲು ಬಿಟ್ಟು, ಆಮೇಲೆ ಒತ್ತಬೇಕು. ಹಸಿಯಾಗಿರುವಾಗಲೇ ಒತ್ತಿದರೆ ಹಿಡಿಯುವುದಿಲ್ಲ. ಈ ಅಂಟಿನ ಆವಿ ಬೇಗನೆ ಹೊತ್ತಿಕೊಳ್ಳುವಂಥದು, ಉಸಿರಿಗೂ ಒಳ್ಳೆಯದಲ್ಲ. ಅಡುಗೆಮನೆಯಲ್ಲಿ ಈ ಕೆಲಸ ಬೇಡವೇ ಬೇಡ. ಅಂಗಳದಲ್ಲಿ ಅಥವಾ ತೆರೆದ ಪಡಸಾಲೆಯಲ್ಲಿ, ಮಕ್ಕಳನ್ನು ದೂರ ಕೂರಿಸಿ ಮಾಡಿ.

ಅಂಟು ಆರಿದ ಮೇಲೆ ಮರಗೆಲಸದ ಬಿಳಿ ಅಂಟನ್ನು ನೀರಿನಲ್ಲಿ ಕಲಸಿ ಮೂರು ಸಲ ತೆಳುವಾಗಿ ಬಳಿಯಿರಿ. ಪ್ರತಿ ಸಲವೂ ಪೂರ್ಣ ಆರಲಿ. ಫೋಮಿನ ಸೂಕ್ಷ್ಮ ರಂಧ್ರಗಳು ಮುಚ್ಚಿ ಬಣ್ಣ ನಿಲ್ಲುತ್ತದೆ. ಮೊದಲು ಕಂದುಬಣ್ಣ, ಅದರ ಮೇಲೆ ಬಂಗಾರದ ಬಣ್ಣವನ್ನು ಉಬ್ಬಿದ ಭಾಗಗಳಿಗಷ್ಟೇ ಸವರಿದರೆ ಹಳೆಯ ಲೋಹದ ಕಳೆ ಬರುತ್ತದೆ. ಹುಪರಿಯ ಬೆಳ್ಳಿ ಆಭರಣಗಳನ್ನು ಮಕ್ಕಳಿಗೆ ತೋರಿಸಿ: ತಗ್ಗಿನಲ್ಲಿ ಕಪ್ಪು, ಉಬ್ಬಿನಲ್ಲಿ ಹೊಳಪು. ಆ ನೆರಳುಬೆಳಕನ್ನೇ ನಾವು ಬಣ್ಣದಿಂದ ತರುವುದು. ಒಳಬದಿಗೆ ಇಚಲಕರಂಜಿಯ ಮಗ್ಗದ ಕೋರಾ ಬಟ್ಟೆಯ ತುಂಡನ್ನು ಅಂಟಿಸಿದರೆ ಮೈಗೆ ಮೆದುವಾಗಿ, ಬೆವರನ್ನೂ ಹೀರುತ್ತದೆ.

ತೊಡಿಸುವುದು, ಕಳಚುವುದು

ಬೆನ್ನುಗವಚಕ್ಕೆ ಬ್ಯಾಗು ಹೊಲಿಯುವವರಲ್ಲಿ ದೊರೆಯುವ ನೈಲಾನ್ ಪಟ್ಟಿಗಳನ್ನು ಹೊಲಿಸಿ, ಮಗು ಶಾಲೆಯ ಬ್ಯಾಗು ಏರಿಸಿಕೊಂಡಂತೆ ಅದನ್ನು ತೊಡಲಿ. ಭಾರವೆಲ್ಲ ಭುಜದ ಮೇಲೆ ನಿಲ್ಲಬೇಕು, ಕುತ್ತಿಗೆಯ ಮೇಲಲ್ಲ. ಎದೆಗವಚವು ಭುಜದಲ್ಲಿ ಎರಡು, ಪಕ್ಕದಲ್ಲಿ ಎರಡು ವೆಲ್ಕ್ರೋ ಪಟ್ಟಿಗಳಿಂದ ಇದಕ್ಕೆ ಹತ್ತಿಕೊಳ್ಳಲಿ. ಪಕ್ಕದ ಪಟ್ಟಿಗಳು ಎಲಾಸ್ಟಿಕ್ಕಿನವಾಗಿರಲಿ. ವೆಲ್ಕ್ರೋವನ್ನು ಬರಿಯ ಅಂಟಿಗೆ ನಂಬಬೇಡಿ, ದಾರದಿಂದ ಹೊಲಿಯಿರಿ. ಒರಟು ಮುಖ ಮೈಯ ಕಡೆಗೆ ಬರದಿರಲಿ. ಪ್ರತಿ ಪಟ್ಟಿಯ ತುದಿಯಲ್ಲಿ ಮೂರು ಸೆಂ.ಮೀ. ಬಿಡುವಾಗಿದ್ದರೆ ಮಗುವಿನ ಬೆರಳಿಗೆ ಎಳೆಯಲು ಸಿಗುತ್ತದೆ.

ಈಗ ಕರ್ಣನ ಪ್ರಸಂಗ. ಬ್ರಾಹ್ಮಣ ವೇಷದ ಇಂದ್ರ ಕೈಯೊಡ್ಡಿದಾಗ ಬಾಲಕ ಮೊದಲು ಪಕ್ಕದ ಪಟ್ಟಿಗಳನ್ನು, ಬಳಿಕ ಭುಜದವನ್ನು ತಾನೇ ಎಳೆದರೆ ಎದೆಗವಚ ಇಡಿಯಾಗಿ ಕೈಗೆ ಬರುತ್ತದೆ. ವೆಲ್ಕ್ರೋ ಬಿಚ್ಚುವ ಪರಕ್ಕೆಂಬ ಸದ್ದು ಬೇರೆಡೆ ದೋಷ. ಇಲ್ಲಿ ಹುಟ್ಟಿನಿಂದ ಮೈಗೆ ಹತ್ತಿದ ಕವಚವನ್ನು ಕೊಯ್ದು ಕೊಡುವ ಗಳಿಗೆಯಲ್ಲಿ ಅದೇ ಸದ್ದು ಸಭೆಯನ್ನು ಸ್ತಬ್ಧಗೊಳಿಸುತ್ತದೆ. ಒಳಗೆ ಕೆಂಪು ಹತ್ತಿಯ ಬನಿಯನ್ ಇರಲಿ. ಉಳಿದುದನ್ನು ಪ್ರೇಕ್ಷಕರ ಮನಸ್ಸೇ ತುಂಬಿಕೊಳ್ಳುತ್ತದೆ. ಹತ್ತನೆಯ ಶತಮಾನದ ಪಂಪನ ಕಾವ್ಯದಿಂದ ಇಂದಿನ ಶಾಲಾರಂಗದವರೆಗೆ ಕನ್ನಡಿಗರಿಗೆ ಕರ್ಣನ ಮೇಲಿರುವ ಮಮತೆಗೆ ಆ ಕೊಡುವ ಕೈಯೇ ಕಾರಣವಲ್ಲವೇ?

ಪ್ರದರ್ಶನಕ್ಕೆ ಮುನ್ನ ಐದು ಪರೀಕ್ಷೆಗಳು ಆಗಲೇಬೇಕು. ಮಗು ಕೈಗಳನ್ನು ತಲೆಯ ಮೇಲೆ ಎತ್ತಬಲ್ಲದೇ? ನೆಲದ ಮೇಲೆ ಕುಳಿತು ಏಳಬಲ್ಲದೇ? ಮೆಟ್ಟಿಲು ಇಳಿಯುವಾಗ ತನ್ನ ಪಾದ ತನಗೆ ಕಾಣುತ್ತದೆಯೇ? ಕಿರೀಟ ತೊಟ್ಟಾಗ ಬದಿಯಿಂದ ಕರೆದರೆ ಕೇಳುತ್ತದೆಯೇ? ಹತ್ತು ಎಣಿಸುವುದರೊಳಗೆ ಎಲ್ಲವನ್ನೂ ಕಳಚಬಹುದೇ? ಕೊನೆಯದು ಅತಿ ಮುಖ್ಯ. ಪ್ಲಾಸ್ಟಿಕ್ಕಿನೊಳಗೆ ಬೆವರು ಆರುವುದಿಲ್ಲ, ಮೈಯ ಕಾವು ಹೊರಹೋಗುವುದಿಲ್ಲ. ರಂಗದ ದೀಪಗಳ ಬಿಸಿಯಲ್ಲಿ ಮಗುವಿಗೆ ತಲೆ ಸುತ್ತಬಹುದು. ಆದ್ದರಿಂದ ಸರದಿ ಹತ್ತಿರ ಬಂದಾಗ ಮಾತ್ರ ಕವಚ ತೊಡಿಸಿ, ನೀರು ಕುಡಿಸಿ, ಮುಗಿದ ಕೂಡಲೇ ಬಿಚ್ಚಿ. ದೀಪ ಬೆಳಗುವ ಸಮಯದಲ್ಲಿ, ಆರತಿ ಕರ್ಪೂರಗಳ ಬಳಿ ಈ ವೇಷದಲ್ಲಿ ಮಗುವನ್ನು ನಿಲ್ಲಿಸಬೇಡಿ. ಫೋಮ್ ಬೇಗ ಹೊತ್ತಿ, ಕರಗಿ ಮೈಗೆ ಅಂಟುತ್ತದೆ.

ಮಾತಿನ ಲಾಭ

ಈ ಕೆಲಸದಿಂದ ಇನ್ನೊಂದು ಲಾಭವಿದೆ. ನಮ್ಮ ಮಕ್ಕಳಿಗೆ ಪೇಟೆಯಲ್ಲಿ, ಬಸ್ಸಿನಲ್ಲಿ, ಆಟದ ಬಯಲಿನಲ್ಲಿ ಕಿವಿಗೆ ಬೀಳುವುದು ಮರಾಠಿ. ಅದು ಅವರಿಗೆ ಸಂಪತ್ತೇ; ‘ಚಿಲಖತ’ ಎಂದರೆ ಏನೆಂದು ಅವರಿಗೆ ಗೊತ್ತು. ಆದರೆ ಎದೆಗವಚ, ಭುಜಕೀರ್ತಿ, ತೋಳ್ಬಂದಿ, ನಡುಪಟ್ಟಿ, ಶಿರಸ್ತ್ರಾಣ ಎಂಬ ಪದಗಳು ಅವರಿಗೆ ಪಠ್ಯಪುಸ್ತಕದ ಪುಟದಲ್ಲಿ ಮಾತ್ರ ಎದುರಾಗುತ್ತವೆ, ಪರೀಕ್ಷೆಯ ಮರುದಿನ ಮರೆಯುತ್ತವೆ. ‘ಭುಜಕೀರ್ತಿ ಎಡಕ್ಕೆ ಜಾರಿತು, ತುಸು ಹಿಡಿ’ ಎಂದು ತಾಯಿ ಹೇಳಿ, ಮಗು ಹಿಡಿದರೆ ಆ ಪದ ಮರೆಯುವುದಿಲ್ಲ. ಕೈಯಿಂದ ಕಲಿತ ನುಡಿಗೆ ಆಯುಷ್ಯ ಹೆಚ್ಚು. ಪ್ರತಿ ಭಾಗದ ಒಳಬದಿಯಲ್ಲಿ ಅದರ ಹೆಸರನ್ನು ಮಗುವೇ ಕನ್ನಡದಲ್ಲಿ ಬರೆಯಲಿ.

ಸಮ್ಮೇಳನ ಮುಗಿದ ಮೇಲೆ ಕವಚವನ್ನು ಮಡಚಿ ಅಟ್ಟಕ್ಕೆ ಎಸೆಯಬೇಡಿ. ಬಿಸಿಲು ಬೀಳದ ಕಡೆ, ಒಳಗೆ ಕಾಗದ ತುಂಬಿ ಇಡಿ. ಮಗು ಬೆಳೆಯುತ್ತದೆ, ಕವಚ ಬೆಳೆಯುವುದಿಲ್ಲ. ಮುಂದಿನ ವರ್ಷ ಪಟ್ಟಿಗಳನ್ನು ಸಡಿಲಿಸಬಹುದು. ಅದರ ಮುಂದಿನ ವರ್ಷ ಶಾಲೆಗೆ ಕೊಡಬಹುದು. ಗುರುಗಳು ಒಂದು ಪೆಟ್ಟಿಗೆ ಇರಿಸಿ, ಮನೆಮನೆಯಿಂದ ಬಂದ ಇಂಥ ವೇಷಗಳನ್ನು ಅಳತೆಯ ಚೀಟಿಯೊಡನೆ ಕಾಯ್ದಿಟ್ಟರೆ, ಫೋಮ್ ಕೊಳ್ಳಲಾಗದ ಮನೆಯ ಮಗುವೂ ಕರ್ಣನಾಗಿ ರಂಗವೇರುವುದು.