ಪಡಿತರ: ಶಬ್ದವೂ ಅದರ ಪಾಲನೆಯೂ

ಪಡಿತರವೆಂದೊಡನೆ ಇಂದಿನ ಜನರ ಕಣ್ಣಿಗೆ ಕಟ್ಟುವುದು ನ್ಯಾಯಬೆಲೆಯ ಅಂಗಡಿ, ಅಲ್ಲಿಯ ತಕ್ಕಡಿ, ಕೈಯಲ್ಲಿಯ ಚೀಟಿ, ತಿಂಗಳಿಗೊಮ್ಮೆ ನಿಲ್ಲಬೇಕಾದ ಸಾಲು, ಇಷ್ಟೇ. ಆದರೆ ಈ ಶಬ್ದವು ಸರಕಾರದ ಕಚೇರಿಯಲ್ಲಿ ಹುಟ್ಟಿದುದಲ್ಲ. ಪಡಿಯೆಂದರೆ ಅಳತೆ, ಅಳೆದು ಕೊಡುವ ದಿನದಿನದ ಧಾನ್ಯಕ್ಕೂ ಅದೇ ಹೆಸರು. ದೇವಾಲಯದ ನಿತ್ಯಕಟ್ಟಳೆಗೆ ಗೊತ್ತುಪಡಿಸಿದ ಅಕ್ಕಿ ಬೇಳೆ ಎಣ್ಣೆಗಳ ಮೊತ್ತವನ್ನು ಪಡಿತರವೆಂದು ಕರೆಯುವುದು ನಮ್ಮಲ್ಲಿ ಬಹುಕಾಲದ ರೂಢಿ. ದೇವರ ಪಡಿಯು ಒಂದು ದಿನವೂ ತಪ್ಪಕೂಡದೆಂಬ ಭಾವವು ಆ ಮಾತಿನಲ್ಲಿ ಅಡಗಿದೆ. ಅದೇ ಮಾತು ಬಡವರ ಚೀಟಿಯ ಮೇಲೆ ಬಂದು ಕುಳಿತಾಗ, ಅದರೊಡನೆ ಬರಬೇಕಾಗಿದ್ದ ಆ ಭಾವವೂ ಬಂದಿತೇ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಚಾರಕ್ಕೆ ಒಂದು ನೆಲೆ ಬೇಕಷ್ಟೆ. ಹಿಂದೆ ಗಂಗಾವತಿ ತಾಲೂಕಿನಲ್ಲಿದ್ದು ಈಗ ಕನಕಗಿರಿ ತಾಲೂಕಿಗೆ ಸೇರಿದ ನವಲಿಯನ್ನೂ ಅದರ ಸುತ್ತಣ ಕೊಪ್ಪಳ ಸೀಮೆಯನ್ನೂ ಆರಿಸಿಕೊಂಡಿದ್ದೇನೆ. ಕವಿರಾಜಮಾರ್ಗವನ್ನು ಓದಿದವರಿಗೆ ಈ ಸೀಮೆಯ ಪರಿಚಯವನ್ನು ಹೇಳಬೇಕಾದುದಿಲ್ಲ. ಕನ್ನಡದ ತಿರುಳಿರುವ ಊರುಗಳಲ್ಲಿ ಕೊಪಣವೂ ಒಂದು. ಊಟದ ವಿಷಯದಲ್ಲಿ ಇದು ವಿಚಿತ್ರವಾದ ಸೀಮೆ. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರುಂಡ ಗಂಗಾವತಿಯನ್ನು ಭತ್ತದ ಕಣಜವೆಂದು ಕೊಂಡಾಡುತ್ತೇವೆ. ಕಾಲುವೆಯು ಮುಟ್ಟದ ಕುಷ್ಟಗಿ, ಯಲಬುರ್ಗಗಳಲ್ಲಾದರೋ ಜೋಳ, ಸಜ್ಜೆಗಳ ಬೇಸಾಯ. ಮಳೆ ತಪ್ಪಿದ ವರ್ಷ ಜನರು ಮನೆಗೆ ಬೀಗವಿಕ್ಕಿ ಗುಳೆ ಹೊರಡುತ್ತಾರೆ. ಕಣಜದ ಮಗ್ಗುಲಲ್ಲಿಯೇ ಹಸಿವು ಇರಬಲ್ಲುದೆಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ.

ನಮ್ಮ ಪೂರ್ವಿಕರು ಅನ್ನದಾನವನ್ನು ಹೇಗೆ ಕಾಪಾಡಿದರೆಂಬುದನ್ನು ಮೊದಲು ನೋಡೋಣ. ದಾನಶಾಸನಗಳನ್ನು ಓದುವಾಗ ನಾವು ಸಾಮಾನ್ಯವಾಗಿ ಪ್ರಶಸ್ತಿಯ ಭಾಗದಲ್ಲಿ ಮನಸ್ಸನ್ನಿಟ್ಟು, ಕೊನೆಯ ಭಾಗವನ್ನು ಪದ್ಧತಿಯ ಮಾತೆಂದು ದಾಟಿಬಿಡುತ್ತೇವೆ. ವಂಶಾವಳಿಯೂ ತೇದಿಯೂ ದೊರೆತರೆ ಚರಿತ್ರಕಾರನಿಗೆ ತೃಪ್ತಿ, ಒಂದೆರಡು ಒಳ್ಳೆಯ ವೃತ್ತಗಳು ದೊರೆತರೆ ಸಾಹಿತ್ಯದವನಿಗೆ ತೃಪ್ತಿ. ಆದರೆ ಶಾಸನವನ್ನು ಬರೆಯಿಸಿದವನ ಆತಂಕವೆಲ್ಲ ಇರುವುದು ಆ ಕೊನೆಯ ಭಾಗದಲ್ಲಿ. ಕೊಡುವುದಕ್ಕಿಂತ ಕೊಟ್ಟುದನ್ನು ಕಾಯುವುದೇ ಮೇಲೆಂದು ಅಲ್ಲಿ ಹೇಳಿದೆ. ಕೊಟ್ಟವನಿಗೆ ಸ್ವರ್ಗವಾದರೆ ಕಾಯ್ದವನಿಗೆ ಅಚ್ಯುತಪದ. ಈ ಧರ್ಮವು ಎಲ್ಲ ಅರಸರಿಗೂ ಸಾಮಾನ್ಯವಾದ ಸೇತುವೆಂದೂ, ಮುಂದೆ ಬರುವ ಅರಸರನ್ನು ಶ್ರೀರಾಮನೇ ಬೇಡಿಕೊಳ್ಳುತ್ತಿರುವನೆಂದೂ ಹೇಳುವ ಶ್ಲೋಕವನ್ನು ವಾಚಕರು ಎಷ್ಟೋ ಶಾಸನಗಳಲ್ಲಿ ಕಂಡಿರಬೇಕು. ಅದು ಸಮಕಾಲೀನರಿಗೆ ಹೇಳಿದ ಮಾತಲ್ಲ, ಇನ್ನೂ ಹುಟ್ಟದಿರುವ ಆಡಳಿತಗಾರರಿಗೆ ಬರೆದ ಅರ್ಜಿ. ತನ್ನ ವಂಶದವನೇ ಆಗಲಿ, ಪರವಂಶದವನೇ ಆಗಲಿ, ಕೊಟ್ಟುದನ್ನು ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗುವನೆಂಬ ಶಾಪವು ಅದರ ಬೆನ್ನಿಗೇ ಬರುತ್ತದೆ. ಇಂತಹ ಶಾಪವನ್ನು ಕಲ್ಲಿನಲ್ಲಿ ಕಡೆಯಿಸಬೇಕಾಯಿತೆಂದರೆ, ಕಿತ್ತುಕೊಳ್ಳುವವರು ಇದ್ದರೆಂದೇ ಅರ್ಥವಾಗುತ್ತದೆ.

ಶಾಪದಿಂದ ಮಾತ್ರ ದಾನವು ಉಳಿಯಲಿಲ್ಲ. ಅದರ ಕಟ್ಟಡವೇ ಗಟ್ಟಿಯಾಗಿತ್ತು. ದಾನವೆಂದರೆ ಬಹುಮಟ್ಟಿಗೆ ಭೂಮಿ: ಇಂತಿಷ್ಟು ಮತ್ತರು, ನಾಲ್ಕು ದಿಕ್ಕಿನ ಎಲ್ಲೆ, ಸರ್ವಬಾಧಾಪರಿಹಾರ. ಅದರ ಬೆಳೆಯಿಂದ ಇಷ್ಟು ನಿವೇದ್ಯಕ್ಕೆ, ಇಷ್ಟು ತಪೋಧನರ ಆಹಾರದಾನಕ್ಕೆ, ಇಷ್ಟು ಓದುವ ಮಕ್ಕಳ ಅಶನಾಚ್ಛಾದನಕ್ಕೆಂದು ಪಾಲು ಗೊತ್ತುಮಾಡುತ್ತಿದ್ದರು. ಹೊನ್ನನ್ನು ಕೊಟ್ಟು ಅದರ ಬಡ್ಡಿಯಿಂದ ನಡೆಯಿಸಿದ ದಾನಗಳೂ ಇಲ್ಲದಿಲ್ಲ. ಆದರೆ ಭೂಮಿಯ ಮೇಲೆ ನಿಂತ ಸತ್ರಕ್ಕೆ ಒಂದು ಅನುಕೂಲವಿತ್ತು: ಅಕ್ಕಿಯ ಬೆಲೆ ಏರಿದರೆ ಸತ್ರದ ಆದಾಯವೂ ಏರುತ್ತಿತ್ತು. ಉಣ್ಣುವವರಾದರೂ ಯಾರು? ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ 1162ರ ಶಾಸನವು ವೇದ, ವ್ಯಾಕರಣಾದಿ ವಿದ್ಯೆಗಳ ಪಟ್ಟಿಯನ್ನು ಕೊಟ್ಟು ಅಲ್ಲಿಗೇ ನಿಲ್ಲದೆ, ಆ ಸ್ಥಾನವು ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ಪಂಥದ ಸಂನ್ಯಾಸಿಗಳು ಇವರೆಲ್ಲರಿಗೂ ಅನ್ನವಿಕ್ಕುವ ಎಡೆಯೆಂದು ಹೇಳುತ್ತದೆ. ರೋಗಿಗಳಿಗೆ ಔಷಧವಿದ್ದುದನ್ನೂ ತಿಳಿಸುತ್ತದೆ. ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಕೋಡಿಯ ಮಠವು ವಿದ್ಯಾಪೀಠವೆಂದು ಪ್ರಸಿದ್ಧವಾಗಿದೆ. ಅಡಿಗೆಯ ಮನೆಯ ಮಾತನ್ನು ಎತ್ತುವವರು ವಿರಳ.

ಆ ಕಾಲವು ಸುವರ್ಣಯುಗವಾಗಿತ್ತೆಂದು ನಾನು ಹೇಳಲಾರೆ. ಸತ್ರದ ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಬೀಳುತ್ತಿರಲಿಲ್ಲ. ಹಲವು ಸತ್ರಗಳು ಬ್ರಾಹ್ಮಣರಿಗೆಂದೇ ಮೀಸಲಾಗಿದ್ದವು. ಶರಣರ ದಾಸೋಹವು ಬೇರೆ ಮಾತು. ನಾನು ದಾಸನೆಂಬ ಅರ್ಥದ ಶಬ್ದವು ನೀಡುವವನ ಗರ್ವವನ್ನೇ ಕಿತ್ತಿತು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಸುತ್ತಣ ಹಳ್ಳಿಗಳ ತಾಯಂದಿರು ರೊಟ್ಟಿ ಬಡಿದು ಬುಟ್ಟಿ ತುಂಬಿ ಕಳುಹಿಸುವುದನ್ನು ಕಂಡವರಿಗೆ ಆ ಭಾವವು ಇನ್ನೂ ಬದುಕಿರುವುದು ಗೊತ್ತು. ಆದರೆ ಜಾತ್ರೆಯು ಮುಗಿಯುತ್ತದೆ, ಹಸಿವು ಮುಗಿಯುವುದಿಲ್ಲ.

ಆಳುವವರ ಮಿತವ್ಯಯವು ಉಣ್ಣುವವರ ತಟ್ಟೆಯ ಮೇಲೆ ಬಿದ್ದರೆ ಆಗುವುದೇನೆಂಬುದಕ್ಕೆ ತುಂಗಭದ್ರೆಯ ಆಚೆಯ ದಡದಲ್ಲಿಯೇ ಒಂದು ಉದಾಹರಣೆಯಿದೆ. 1876-78ರ ದೊಡ್ಡ ಬರದಲ್ಲಿ ಮದ್ರಾಸ್ ಆಧಿಪತ್ಯದ ಬಳ್ಳಾರಿ ಜಿಲ್ಲೆಯು ಅತ್ಯಂತ ಬಾಧೆಪಟ್ಟ ಜಿಲ್ಲೆಗಳಲ್ಲೊಂದು. 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ನನು ವೆಚ್ಚವನ್ನು ತಗ್ಗಿಸುವುದಕ್ಕಾಗಿ ಸರ್ ರಿಚರ್ಡ್ ಟೆಂಪಲನನ್ನು ಕಳುಹಿಸಿದನು. ಪರಿಹಾರಕಾಮಗಾರಿಯ ಆಳಿಗೆ ಒಂದೂವರೆ ಪೌಂಡಿದ್ದ ಧಾನ್ಯದ ಲೆಕ್ಕವನ್ನು ಆತನು ಒಂದು ಪೌಂಡಿಗೆ ಇಳಿಸಿದನು. ದಿನವೆಲ್ಲ ಮಣ್ಣು ಹೊರುವವನಿಗೆ ಒಂದು ಪೌಂಡು! ಮುಂಬಯಿ ಆಧಿಪತ್ಯದಲ್ಲಿ ಕೂಲಿಗಳು ಗುಂಪುಗುಂಪಾಗಿ ಕೆಲಸವನ್ನು ಬಿಟ್ಟು ಹೊರಟರು. ಮದ್ರಾಸಿನಲ್ಲಿ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷನು ಸರಕಾರದ ನೌಕರನಾಗಿದ್ದೂ, ಇಷ್ಟರಿಂದ ದುಡಿಯುವ ದೇಹವು ಉಳಿಯಲಾರದೆಂದು ಲೆಕ್ಕಸಮೇತ ವಾದಿಸಿದನು. ಕೆಲವು ತಿಂಗಳಲ್ಲಿ ಅಲ್ಲಿ ಕೂಲಿಯನ್ನು ಮತ್ತೆ ಏರಿಸಬೇಕಾಯಿತು. ಅಷ್ಟರೊಳಗೆ ಸತ್ತವರು ಸತ್ತಿದ್ದರು. ಕಾರ್ನಿಷನ ವಾದದಲ್ಲಿ ಗಮನಿಸತಕ್ಕದ್ದು ಒಂದುಂಟು: ಆತನು ದಯೆಯನ್ನು ಬೇಡಲಿಲ್ಲ; ದೇಹಕ್ಕೆ ಬೇಕಾದುದೆಷ್ಟು, ಕೊಟ್ಟುದೆಷ್ಟು ಎಂಬುದನ್ನು ಮುಂದಿಟ್ಟನು.

ನಮ್ಮ ಕಾಲದಲ್ಲಿ ಅನ್ನದ ಹಕ್ಕಿಗೆ ಶಾಸನದ ಬಲವು ಬಂದುದು ನ್ಯಾಯಾಲಯದ ದ್ವಾರದಿಂದ. 2001ರಲ್ಲಿ ಪೌರಸ್ವಾತಂತ್ರ್ಯಗಳ ಜನತಾ ಸಂಘವು ಹೂಡಿದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ನವೆಂಬರ್ 28ರಂದು ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹವು 2002ರಲ್ಲಿ ಮೊದಲು ಪ್ರಾರಂಭವಾದುದು ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಅವುಗಳಲ್ಲಿ ಕೊಪ್ಪಳವೂ ಒಂದು. 2004ರಲ್ಲಿ ಅದೇ ನ್ಯಾಯಾಲಯವು, ತನ್ನ ಆಜ್ಞೆಗೆ ಒಳಪಟ್ಟ ಅನ್ನದ ಯೋಜನೆಗಳಾವುವನ್ನೂ ತನ್ನ ಅನುಮತಿಯಿಲ್ಲದೆ ನಿಲ್ಲಿಸಕೂಡದು, ಕುಗ್ಗಿಸಲೂ ಕೂಡದು ಎಂದಿತು. ಶಾಸನಗಳ ಪಾಲನಾಶ್ಲೋಕಕ್ಕೆ ಇದಕ್ಕಿಂತ ಹತ್ತಿರವಾದ ಮಾತು ಆಧುನಿಕ ಕಾಲದಲ್ಲಿ ನನಗೆ ಕಂಡಿಲ್ಲ. 2013ರಲ್ಲಿ ರಾಷ್ಟ್ರೀಯ ಆಹಾರಭದ್ರತಾ ಕಾಯಿದೆಯು ಬಂದು, ಆದ್ಯತೆಯ ಮನೆಗಳಲ್ಲಿ ತಲೆಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯದ ಮನೆಗೆ 35 ಕಿಲೋ ಧಾನ್ಯವು ಹಕ್ಕಾಯಿತು. ಅದೇ ವರ್ಷದ ಜುಲೈಯಲ್ಲಿ ರಾಜ್ಯದ ಅನ್ನಭಾಗ್ಯವೂ ಆರಂಭವಾಯಿತು.

ಆದರೆ ಭೂಮಿಯ ಮೇಲೆ ನಿಂತ ದತ್ತಿಗೂ ವರ್ಷವರ್ಷದ ಆಯವ್ಯಯಪತ್ರದ ಮೇಲೆ ನಿಂತ ದತ್ತಿಗೂ ಭೇದವಿದೆ. 2015-16ರ ಕೇಂದ್ರ ಆಯವ್ಯಯದಲ್ಲಿ ಮಧ್ಯಾಹ್ನದ ಊಟಕ್ಕೆ ಹಿಂದಿನ ವರ್ಷ ಗೊತ್ತುಮಾಡಿದ್ದ ಸುಮಾರು 13,200 ಕೋಟಿ ರೂಪಾಯಿಗಳು ಸುಮಾರು 9,200 ಕೋಟಿಗೆ ಇಳಿದವು. ರಾಜ್ಯಗಳಿಗೆ ತೆರಿಗೆಯ ಪಾಲು 32ರಿಂದ 42 ಶೇಕಡಕ್ಕೆ ಏರಿತಲ್ಲವೇ, ಕೊರತೆಯನ್ನು ಅವೇ ತುಂಬಲಿ ಎಂಬುದು ಸಮಾಧಾನ. ಸಮಾಧಾನವು ನ್ಯಾಯವೇ ಇರಬಹುದು. ಆದರೆ ತುಂಬುವರೋ ಇಲ್ಲವೋ ಎಂಬ ಸಂಶಯದ ಭಾರವು ಬಿದ್ದುದು ಮಕ್ಕಳ ಮೇಲೆ. ರಾಜ್ಯದ ಮಾತಾದರೂ ಸ್ಥಿರವಾಗಿತ್ತೆನ್ನುವ ಹಾಗಿಲ್ಲ. 2017ರಲ್ಲಿ ತಲೆಗೆ 7 ಕಿಲೋ ಆಗಿದ್ದ ಅಕ್ಕಿಯನ್ನು 2018ರ ಜುಲೈಯ ಆಯವ್ಯಯವು 5ಕ್ಕೆ ಇಳಿಸಿತು. ಒತ್ತಾಯವು ಬಲವಾಗಲು ಮತ್ತೆ 7 ಆಯಿತು. ಮುಂದಿನ ವರ್ಷಗಳಲ್ಲಿ ಮತ್ತೆ ಇಳಿಯಿತು. 2023ರಲ್ಲಿ 10 ಕಿಲೋ ಕೊಡುವೆವೆಂದು ಹೊಸ ಸರಕಾರವು ಹೊರಟಾಗ, ಕೇಂದ್ರವು ತನ್ನ ದಾಸ್ತಾನಿನ ಅಕ್ಕಿಯನ್ನು ರಾಜ್ಯಗಳಿಗೆ ಮಾರುವುದನ್ನು ನಿಲ್ಲಿಸಿತು. ಹೆಚ್ಚಿನ 5 ಕಿಲೋಗೆ ಬದಲಾಗಿ ಕಿಲೋಗೆ 34ರಂತೆ 170 ರೂಪಾಯಿಗಳು ಬ್ಯಾಂಕಿಗೆ ಸಂದಾಯವಾದವು. ಧಾನ್ಯವನ್ನೇ ಕೊಡುವ ನಿರ್ಧಾರವು 2025ರಲ್ಲಿ ಆಯಿತು. ನಡುವೆ ಪೇಟೆಯ ಅಕ್ಕಿಯು 34 ರೂಪಾಯಿಗೆ ದೊರೆಯುತ್ತಿರಲಿಲ್ಲವೆಂಬುದನ್ನು ಗಂಗಾವತಿಯ ಗಿರಣಿಯ ಹಮಾಲನೂ ಬಲ್ಲನು. ದತ್ತಿಯನ್ನು ಹೊನ್ನಿನಲ್ಲಿ ಕೊಡುವುದಕ್ಕಿಂತ ಭೂಮಿಯಲ್ಲಿ ಕೊಟ್ಟ ಹಳಬರ ವಿವೇಕವು ಇಲ್ಲಿ ನೆನಪಿಗೆ ಬರುತ್ತದೆ.

ಕಡಿತವೆಂದು ಯಾರೂ ಕರೆಯದ ಕಡಿತವು ಇದಕ್ಕಿಂತಲೂ ಹೆಚ್ಚು ಅಪಾಯಕರ. ನವಲಿಯ ಹೆಸರನ್ನು ಇಂದು ಪತ್ರಿಕೆಗಳಲ್ಲಿ ಕಾಣುವುದು ಅಲ್ಲಿ ಕಟ್ಟಬೇಕೆಂದಿರುವ ಸಮಾನಾಂತರ ಜಲಾಶಯದ ಪ್ರಸ್ತಾಪದಿಂದ. ತುಂಗಭದ್ರಾ ಜಲಾಶಯದಲ್ಲಿ ಮೊದಲು ಸುಮಾರು 133 ಟಿ.ಎಂ.ಸಿ. ನೀರಿಗೆ ಎಡೆಯಿದ್ದುದು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಆ ನಷ್ಟವನ್ನು ತುಂಬುವ ಉಪಾಯ ಅದು. ಕಟ್ಟೆಯನ್ನು ಯಾರೂ ಒಡೆಯಲಿಲ್ಲ, ಎತ್ತರವನ್ನು ಯಾರೂ ತಗ್ಗಿಸಲಿಲ್ಲ, ಆದರೂ ನೀರು ಕಡಿಮೆಯಾಯಿತು. ಅನ್ನದ ಯೋಜನೆಗಳಲ್ಲಿಯೂ ಹೀಗೆಯೇ. ಬಿಸಿಯೂಟದ ಅಡಿಗೆಯವರ ಗೌರವಧನಕ್ಕೆ ಕೇಂದ್ರವು 2009ರಲ್ಲಿ ಗೊತ್ತುಮಾಡಿದ ತಿಂಗಳಿಗೆ 1,000 ರೂಪಾಯಿಯ ಪ್ರಮಾಣವು ಒಂದು ದಶಕಕ್ಕೂ ಮೀರಿ ಹಾಗೆಯೇ ನಿಂತಿತು. ಮೇಲಿನ ಹಣವನ್ನು ರಾಜ್ಯವು ತುಂಬುತ್ತ ಬಂದಿದೆ. ಆಹಾರಭದ್ರತೆಯ ಫಲಾನುಭವಿಗಳ ಮಿತಿಯು 2011ರ ಜನಗಣತಿಯ ಮೇಲೆ ನಿಂತಿದೆ. 2021ರಲ್ಲಿ ಆಗಬೇಕಾಗಿದ್ದ ಗಣತಿಯು ಆಗದೆ ಹೋದುದರಿಂದ, ಜನ ಬೆಳೆದರೂ ಚೀಟಿಗಳ ಮಿತಿಯು ಬೆಳೆಯಲಿಲ್ಲ. ಇಲ್ಲಿ ಯಾವ ಮಂತ್ರಿಯೂ ಎದ್ದುನಿಂತು ಕಡಿಮೆಮಾಡಿದೆನೆಂದು ಹೇಳಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು.

ಪುಕ್ಕಟೆಯ ಅನ್ನವು ಜನರನ್ನು ಸೋಮಾರಿಗಳನ್ನಾಗಿ ಮಾಡುವುದೆಂಬ ಆಕ್ಷೇಪಕ್ಕೆ ಹೆಚ್ಚು ಎಡೆಗೊಡಲಾರೆ. ಐದು ಕಿಲೋ ಧಾನ್ಯದಿಂದ ತಿಂಗಳೆಲ್ಲ ಉಂಡು ಮಲಗಬಲ್ಲವನನ್ನು ನಾನು ನೋಡಿಲ್ಲ. ಸೋರಿಕೆಯ ಆಕ್ಷೇಪವು ಅಷ್ಟು ಹಗುರವಲ್ಲ. ಪಡಿತರದ ಅಕ್ಕಿಯು ಕಾಳಸಂತೆಗೆ ಹೋಗುವುದುಂಟು. ಜೋಳ ಉಣ್ಣುವ ಮನೆಗೆ ಅಕ್ಕಿಯನ್ನೇ ಕೊಟ್ಟರೆ ಅದು ಮಾರಾಟವಾಗುವುದೂ ಸಹಜ. ಹಿಂದೆಯೂ ಸ್ಥಾನಿಕರು ದೇವರ ಪಡಿಯನ್ನು ನುಂಗಿದುದಿಲ್ಲವೇ? ಶಾಪವು ಅರಸನಿಗೆ ಹೇಗೋ ಅವರಿಗೂ ಹಾಗೆಯೇ ತಗಲುತ್ತಿತ್ತು. ಆದರೆ ಸ್ಥಾನಿಕನು ಕದ್ದನೆಂದು ದೇವರ ನಿವೇದ್ಯವನ್ನು ಅರ್ಧಮಾಡಿದವರಿಲ್ಲ, ಸ್ಥಾನಿಕನನ್ನು ಬದಲಿಸಿದರು. ಈಚಿನ ವರ್ಷಗಳಲ್ಲಿ ಉತ್ತರದ ಜಿಲ್ಲೆಗಳಿಗೆ ಜೋಳವನ್ನೂ ದಕ್ಷಿಣಕ್ಕೆ ರಾಗಿಯನ್ನೂ ಸೇರಿಸಿ ಕೊಟ್ಟ ಕ್ರಮವು ಇಂತಹ ತಿದ್ದುಪಡಿಗಳಲ್ಲೊಂದು. ಅದನ್ನು ಕುಷ್ಟಗಿ, ಯಲಬುರ್ಗಗಳ ರೈತರಿಂದಲೇ ಕೊಂಡು ನಡೆಯಿಸಿದರೆ ಬೆಳೆದವನಿಗೂ ಉಣ್ಣುವವನಿಗೂ ಲಾಭ.

ಆದಕಾರಣ ಕೇಳತಕ್ಕ ಮಾತುಗಳು ಮೂರೇ. ಬೇಯಿಸುವ ಖರ್ಚನ್ನೂ ಬೇಯಿಸುವವರ ಗೌರವಧನವನ್ನೂ ವರ್ಷವರ್ಷ ಧಾರಣೆಯೊಡನೆ ತಾನಾಗಿ ಏರುವಂತೆ ಕಾಯಿದೆಯಲ್ಲಿಯೇ ಕಟ್ಟಬೇಕು. ಚೀಟಿಗಳ ಮಿತಿಯನ್ನು ಹೊಸ ಜನಸಂಖ್ಯೆಗೆ ತಕ್ಕಂತೆ ಸರಿಪಡಿಸಬೇಕು. ಯಾವ ಸರಕಾರವಾದರೂ ತಲೆಯ ಮೇಲಣ ಕಿಲೋವನ್ನು ಇಳಿಸಬೇಕೆಂದಾಗ, ಅದನ್ನು ಆಯವ್ಯಯದ ಕೋಷ್ಟಕದೊಳಗೆ ಹುದುಗಿಸದೆ ಶಾಸನಸಭೆಯಲ್ಲಿ ಬೇರೆಯಾಗಿ ಮಂಡಿಸಿ ಕಾರಣವನ್ನು ಹೇಳಬೇಕು. 2017ರಲ್ಲಿ ಹಳೆಯ ವ್ಯಾಜ್ಯವು ಮುಕ್ತಾಯವಾದ ಮೇಲೆ ಆ ಕಾವಲನ್ನು ಮಾಡಬೇಕಾದುದು ಸಭೆಯೇ.

ಶಾಸನಗಳನ್ನು ಪಾಠ ಹೇಳುವ ಉಪಾಧ್ಯಾಯರಲ್ಲಿ ಒಂದು ಬಿನ್ನಹವಿದೆ. ಶಾಪಾಶಯದ ಭಾಗವನ್ನು ಪರೀಕ್ಷೆಗೆ ಬರುವುದಿಲ್ಲವೆಂದು ಬಿಡದೆ, ಆ ದಿನ ಮಧ್ಯಾಹ್ನ ತಟ್ಟೆ ಹಿಡಿದು ಸಾಲಿನಲ್ಲಿ ಕುಳಿತುಕೊಳ್ಳುವ ಮಕ್ಕಳಿಗೇ ಅದನ್ನು ಓದಿ ಅರ್ಥ ಹೇಳಬೇಕು. ಹಳಗನ್ನಡದ ಕೂೞ್ ಎಂಬ ಮರ್ಯಾದೆಯ ಮಾತು ಇಂದು ಕೂಳಾಗಿ ಬೈಗುಳದಲ್ಲಿ ಬಂದು ನಿಂತುದು ಹೇಗೆಂಬುದನ್ನೂ ಅದೇ ಪಾಠದಲ್ಲಿ ಹೇಳಬಹುದು.