ಉಪ್ಪಾಗೆ: ಹಣ್ಣಾಗುವವರೆಗೆ ಕಾದರೆ ಹೆಚ್ಚು ಲಾಭ

ಮಳೆಗಾಲದಲ್ಲಿ ಕೈಗೆ ನಾಲ್ಕು ಕಾಸು ಬರುವ ದಾರಿಗಳು ಕಡಿಮೆ. ಅಂಥ ಸಮಯದಲ್ಲಿ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ ತಾಲ್ಲೂಕುಗಳ ಕಾಡಂಚಿನ ಕುಟುಂಬಗಳಿಗೆ ಒದಗಿ ಬರುವುದು ಉಪ್ಪಾಗೆ. ಇದರ ಹಣ್ಣಿನ ಒಣಸಿಪ್ಪೆಗೆ ಕೇರಳದಲ್ಲಿ ಮೀನಿನ ಅಡುಗೆಗಾಗಿ ಬೇಡಿಕೆಯಿದೆ. ಕೊಡಗಿನ ಕಾಚಂಪುಳಿಯನ್ನೂ ಇದೇ ಹಣ್ಣಿನ ರಸದಿಂದ ತಯಾರಿಸುತ್ತಾರೆ.

1990ರ ದಶಕದಲ್ಲಿ ಈ ಸಿಪ್ಪೆಯಲ್ಲಿರುವ ಆಮ್ಲವು ಬೊಜ್ಜು ಕರಗಿಸುವುದೆಂಬ ಪ್ರಚಾರದಿಂದ ಹೊರದೇಶಗಳ ಬೇಡಿಕೆ ಏರಿತು. ಆದರೆ 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಂಥ ವಿಶೇಷ ಪರಿಣಾಮವೇನೂ ಕಂಡುಬರಲಿಲ್ಲ. ಹೊರಗಿನ ಬೇಡಿಕೆ ಏರಬಹುದು, ಇಳಿಯಬಹುದು. ಆ ಆತುರದಲ್ಲಿ ಕಡಿದ ಮರ ಮಾತ್ರ ಮರಳಿ ಬಾರದು.

ಎಳೆಗಾಯಿ ಕೊಯ್ದರೆ ಯಾರಿಗೆ ನಷ್ಟ?

‘ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ’ ಎಂಬ ಭಯವೇ ಎಳೆಗಾಯಿ ಕೊಯ್ಲಿಗೆ ಮುಖ್ಯ ಕಾರಣ. ಇದರಿಂದ ಸಿಪ್ಪೆಯ ತೂಕ ಕಡಿಮೆಯಾಗುತ್ತದೆ. ಬೀಜ ಬಲಿಯದೆ ಹೊಸ ಸಸಿ ಹುಟ್ಟುವುದಿಲ್ಲ. ಕೊಂಬೆ ಕಡಿದರಂತೂ ಮುಂದಿನ ವರ್ಷಗಳ ಫಸಲೂ ಹೋಯಿತು. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಬಂದ ಗಿಡ ಫಲ ಕೊಡಲು 10-12 ವರ್ಷ ಬೇಕು. ಆದ್ದರಿಂದ ಕಾಯಿ ಹಳದಿ ಬಣ್ಣಕ್ಕೆ ತಿರುಗಿದ ಮೇಲೆಯೇ ಕೊಯ್ಯಿರಿ. ಬುಡ ಸವರಿಟ್ಟು ಉದುರಿದ ಹಣ್ಣು ಆರಿಸುವುದು ಇನ್ನೂ ಒಳ್ಳೆಯದು. ಒಂದಷ್ಟು ಹಣ್ಣನ್ನು ಮರದಲ್ಲೇ ಬಿಡಿ. ಇದು ಸಿಂಗಳೀಕದ ಆಹಾರವೂ ಹೌದು.

ಒಬ್ಬರೇ ಕಾದರೆ ಪ್ರಯೋಜನವಿಲ್ಲ. ಗ್ರಾಮ ಅರಣ್ಯ ಸಮಿತಿಯಲ್ಲಿ ಸೇರಿ ಕೊಯ್ಲು ಆರಂಭಿಸುವ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಯಾವ ಮನೆಯವರು ಯಾವ ದಿಕ್ಕಿನ ಮರಗಳನ್ನು ನೋಡಿಕೊಳ್ಳಬೇಕೆಂದು ಹಂಚಿಕೊಳ್ಳಿ.

ಒಣಗಿಸುವ ಕ್ರಮ

ಫಸಲು ಬರುವುದು ಜಡಿಮಳೆಯಲ್ಲಿ. ತೆರೆದ ಒಲೆಯ ಮೇಲೆ ಒಣಗಿಸಿದರೆ ಶಾಖದ ಬಹುಪಾಲು ವ್ಯರ್ಥವಾಗಿ ರಾಶಿ ಕಟ್ಟಿಗೆ ಉರಿಯುತ್ತದೆ. ಹಣ್ಣು ಕೊಟ್ಟ ಕಾಡೇ ಕಟ್ಟಿಗೆಯನ್ನೂ ಕೊಡಬೇಕಾಗುತ್ತದೆ. ಕೆಳಗಿನ ಕ್ರಮ ಅನುಸರಿಸಿರಿ:

1. ಒಲೆಯ ಸುತ್ತ ಮಣ್ಣಿನ ಗೋಡೆ ಎಬ್ಬಿಸಿ, ಹೊಗೆ ಹೊರಹೋಗಲು ಕೊಳವೆ ಇಡಿ. ಹೊಗೆ ತಾಗದ ಸಿಪ್ಪೆ ಶುಚಿಯಾಗಿರುತ್ತದೆ.
2. ತಟ್ಟೆಗಳನ್ನು ಒಂದರ ಮೇಲೊಂದು ಅಂತರ ಬಿಟ್ಟು ಜೋಡಿಸಿ, ಆಗಾಗ ಸ್ಥಾನ ಬದಲಿಸಿ.
3. ಹಸಿ ಕಟ್ಟಿಗೆಯ ಬದಲು ಬೇಸಿಗೆಯಲ್ಲೇ ಕೂಡಿಟ್ಟ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಬಳಸಿ.
4. ನಾಲ್ಕೈದು ಮನೆಗಳು ಸೇರಿ ಒಂದೇ ಒಲೆ ನಡೆಸಿದರೆ ಕಟ್ಟಿಗೆಯೂ ದುಡಿಮೆಯೂ ಉಳಿಯುತ್ತವೆ.
5. ಅಡುಗೆಗೆ ಹೋಗುವ ಸಿಪ್ಪೆಯಾದರೆ, ಒಣಗಿದ ಒಂದು ಕಿಲೋಗೆ 150 ಗ್ರಾಂ ಉಪ್ಪು, 50 ಮಿಲಿಲೀಟರ್ ಕೊಬ್ಬರಿ ಎಣ್ಣೆ ಬೆರೆಸಿಡಿ. ಸಿಪ್ಪೆ ಮೆತ್ತಗಿದ್ದು ಬಹುಕಾಲ ಬಾಳುತ್ತದೆ.

ಬೀಜವನ್ನು ಎಸೆಯಬೇಡಿ. ಬಲಿತ ಬೀಜದಿಂದ ತೆಗೆಯುವ ಉಪ್ಪಾಗೆ ತುಪ್ಪವನ್ನು ಮಲೆನಾಡಿನ ಹಿರಿಯರು ಅಡುಗೆಗೆ ಬಳಸುತ್ತಿದ್ದರು. ಎಳೆಗಾಯಿ ಕೊಯ್ದವರಿಗೆ ಈ ಲಾಭವಿಲ್ಲ.

ಸ್ವಂತ ಜಾಗದಲ್ಲೂ ಬೆಳೆಯಿರಿ

ತೋಟದ ಅಂಚು, ಸೊಪ್ಪಿನ ಬೆಟ್ಟಗಳಲ್ಲಿ ಉಪ್ಪಾಗೆ ನೆಡಬಹುದು. ಬೀಜ ತಾನಾಗಿ ಮೊಳೆಯಲು 5-7 ತಿಂಗಳು ಹಿಡಿಯುತ್ತದೆ. ಮೇಲಿನ ಸಿಪ್ಪೆ ಜಾಗ್ರತೆಯಾಗಿ ಬಿಡಿಸಿ ಬಿತ್ತಿದರೆ ಬೇಗ ಮೊಳೆಯುತ್ತದೆ. ಉತ್ತಮ ಹೆಣ್ಣು ಮರದಿಂದ ಕಸಿ ಮಾಡಿದ ಗಿಡ ಮೂರು-ನಾಲ್ಕು ವರ್ಷಕ್ಕೆ ಫಲ ಹಿಡಿಯುತ್ತದೆ. ಗಂಡೋ ಹೆಣ್ಣೋ ಎಂಬ ಸಂಶಯವೂ ಇಲ್ಲ. ಸೊಪ್ಪು ಕಡಿಯುವಾಗ ಈಗಿರುವ ಉಪ್ಪಾಗೆ ಮರಗಳನ್ನು ಬಿಟ್ಟುಬಿಡಿ.

ಹಕ್ಕು ತಿಳಿದಿರಲಿ

ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸಿ, ಬಳಸಿ, ಮಾರುವ ಹಕ್ಕಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅವಕಾಶವಿದೆ. ಅರ್ಹರಾದವರು ಗ್ರಾಮದ ಅರಣ್ಯ ಹಕ್ಕು ಸಮಿತಿಗೆ ಅರ್ಜಿ ಸಲ್ಲಿಸಬೇಕು. ಉಳಿದವರು ಅರಣ್ಯ ಇಲಾಖೆಯ ನಿಯಮಗಳನ್ನು ಕೇಳಿ ತಿಳಿದು ನಡೆಯುವುದು ಲೇಸು.

ಈ ಸಲ ಮಳೆ ಹಿಡಿಯುವ ಮೊದಲೇ ಊರಿನವರೆಲ್ಲ ಒಂದೆಡೆ ಕುಳಿತು ಕೊಯ್ಲಿನ ದಿನ ನಿಶ್ಚಯಿಸಿರಿ. ಕೆಲವು ದಿನಗಳ ತಾಳ್ಮೆಯಿಂದ ಸಿಪ್ಪೆಯ ತೂಕವೂ ಹೆಚ್ಚುವುದು, ಮಕ್ಕಳ ಕಾಲಕ್ಕೆ ಮರವೂ ಉಳಿಯುವುದು.