ಅನ್ನಕ್ಕೆ ಬಂದ ಅಪವಾದ

‘ಬಿ.ಪಿ. ಇದೆ, ಅನ್ನ ಬಿಟ್ಟಿದ್ದೇನೆ’ ಎನ್ನುವವರು ಈಗ ಪ್ರತಿ ಪಂಕ್ತಿಯಲ್ಲೂ ಸಿಗುತ್ತಾರೆ. ಎಲೆಯ ತುದಿಯ ಉಪ್ಪಿನಕಾಯಿ, ಹಪ್ಪಳ ಮಾತ್ರ ಹಾಗೇ ಉಳಿದಿರುತ್ತವೆ. ರಕ್ತದೊತ್ತಡದ ವಿಷಯದಲ್ಲಿ ಅನ್ನದ ಮೇಲೆ ಹೊರಿಸಿದ ತಪ್ಪು ಎಷ್ಟು ನಿಜ?

ಜರ್ಮನಿ ತೊರೆದು 1934ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಸೇರಿದ ವೈದ್ಯ ವಾಲ್ಟರ್ ಕೆಂಪ್ನರ್. ಬಿ.ಪಿ.ಗೆ ಒಳ್ಳೆಯ ಮಾತ್ರೆಗಳೇ ಇಲ್ಲದ ಕಾಲವದು. 1939ರಿಂದ ಅವರು ತೀವ್ರ ರಕ್ತದೊತ್ತಡದ ರೋಗಿಗಳಿಗೆ ಕೊಟ್ಟದ್ದು ಬಿಳಿ ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ, ಅಷ್ಟೇ. ಶಕ್ತಿಯ ಶೇ 90ಕ್ಕೂ ಹೆಚ್ಚು ಪಾಲು ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತಿತ್ತು. ಆದರೂ ಅನೇಕರ ಒತ್ತಡ ಇಳಿಯಿತು, ಹಿಗ್ಗಿದ್ದ ಹೃದಯ ಕುಗ್ಗಿತು. ಗುಟ್ಟು ಇದ್ದದ್ದು ತಟ್ಟೆಯಲ್ಲಿ ಇಲ್ಲದಿದ್ದ ವಸ್ತುವಿನಲ್ಲಿ: ಆ ಊಟದಲ್ಲಿ ಉಪ್ಪಿನ ಹರಳೂ ಇರಲಿಲ್ಲ. ಜೊತೆಗೆ ತೂಕವೂ ಇಳಿಯುತ್ತಿತ್ತು. ಅಂಥ ಸಪ್ಪೆ ಪಥ್ಯವನ್ನು ವರ್ಷಗಟ್ಟಲೆ ನಡೆಸುವುದು ಯಾರಿಗೂ ಸುಲಭವಲ್ಲ ಎಂಬುದು ಬೇರೆ ಮಾತು.

ಹಾಗೆಂದು ಕಾರ್ಬೋಹೈಡ್ರೇಟ್ ಪೂರ್ತಿ ನಿರಪರಾಧಿಯಲ್ಲ. ಪಿಷ್ಟ, ಸಕ್ಕರೆ ಹೆಚ್ಚಾದಷ್ಟೂ ಇನ್ಸುಲಿನ್ ಹೆಚ್ಚು ಸುರಿಯುತ್ತದೆ. ಇನ್ಸುಲಿನ್ ಮೂತ್ರಪಿಂಡಕ್ಕೆ ಉಪ್ಪನ್ನು ಹಿಡಿದಿಟ್ಟುಕೊಳ್ಳಲು ಹೇಳುತ್ತದೆ. ಉಪ್ಪು ನಿಂತಲ್ಲಿ ನೀರೂ ನಿಲ್ಲುತ್ತದೆ. ಹೊಟ್ಟೆಯ ಬೊಜ್ಜು ಬೆಳೆದವರಲ್ಲಿ ಇದು ದಿನವಿಡೀ ನಡೆಯುವ ಕೆಲಸ.

2005ರಲ್ಲಿ ಪ್ರಕಟವಾದ ‘ಆಮ್ನಿಹಾರ್ಟ್’ ಅಧ್ಯಯನ ಕಾರ್ಬೋಹೈಡ್ರೇಟ್ ರಕ್ತದೊತ್ತಡದ ಮೇಲೆ ಬೀರುವ ಪರಿಣಾಮವನ್ನು ಅಚ್ಚುಕಟ್ಟಾಗಿ ಅಳೆಯಿತು. 164 ಮಂದಿಗೆ ಮೂರು ಬಗೆಯ ಊಟ, ಒಂದೊಂದೂ ಆರು ವಾರ. ಉಪ್ಪು, ತೂಕ ಎರಡೂ ಬದಲಾಗದಂತೆ ನೋಡಿಕೊಂಡರು. ಹಣ್ಣು, ತರಕಾರಿ, ಕಾಳುಗಳಿದ್ದ ಆ ಮೂರೂ ಊಟ ಒತ್ತಡ ಇಳಿಸಿದವು, ಕಾರ್ಬೋಹೈಡ್ರೇಟ್ ಹೆಚ್ಚಿದ್ದದ್ದು ಕೂಡ. ಅದರ ಪಾಲನ್ನು ಶೇ 58ರಿಂದ 48ಕ್ಕೆ ಇಳಿಸಿ ಪ್ರೋಟೀನ್ ತುಂಬಿದಾಗ, ಬಿ.ಪಿ. ಇದ್ದವರ ಮೇಲಿನ ಅಂಕಿ ಮತ್ತೆ 3.5ರಷ್ಟು ಕಡಿಮೆಯಾಯಿತು. ಲಾಭ ಚಿಕ್ಕದು, ಆದರೆ ನಿಜ.

ನಮ್ಮ ದೇಶದಲ್ಲಿ ಶಕ್ತಿಯ ಸುಮಾರು ಶೇ 62 ಪಾಲು ಕಾರ್ಬೋಹೈಡ್ರೇಟ್‌ನಿಂದ ಬರುತ್ತದೆ ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ. ಅನ್ನ ತಾನಾಗಿ ಸಪ್ಪೆ. ರಾಶಿ ಅನ್ನ ಕಲಸಲು ಅಷ್ಟೇ ಸಾರು, ಸಾಂಬಾರು, ಉಪ್ಪಿನಕಾಯಿ ಬೇಕು. ನನ್ನ ಪ್ರಕಾರ ನಮ್ಮ ನಿಜವಾದ ತೊಂದರೆ ರಾಶಿ ಅನ್ನ ಮತ್ತು ಉಪ್ಪಿನ ಈ ಜೋಡಿಯೇ. ಅನ್ನದ ಒಂದು ಸೌಟು ತೆಗೆದು ಆ ಜಾಗಕ್ಕೆ ಹುರುಳಿ ಉಸಲಿ, ಸೊಪ್ಪಿನ ಪಲ್ಯ, ಮೀನು ಅಥವಾ ಮೊಸರು ಬಂದರೆ ಉಪ್ಪೂ ತಗ್ಗಬಹುದು. ಮುದ್ದೆ ಉಣ್ಣುವವರಿಗೂ ಇದೇ ಮಾತು: ರಾಗಿಯಲ್ಲಿ ನಾರು ಹೆಚ್ಚಿದ್ದರೂ ಅದೂ ಪಿಷ್ಟವೇ.

ಒಂದು ಕಳಕಳಿಯ ವಿನಂತಿ. ಬಿ.ಪಿ. ಮಾತ್ರೆ ನುಂಗುತ್ತಲೇ ಅನ್ನ, ಮುದ್ದೆ, ಚಪಾತಿಯನ್ನು ಒಮ್ಮೆಲೇ ಬಿಟ್ಟರೆ ಉಪ್ಪು, ನೀರು ಬೇಗ ಹೊರಹೋಗಿ ಒತ್ತಡ ಕುಸಿಯಬಹುದು. ಮಧುಮೇಹದ ಮಾತ್ರೆಯೂ ಇದ್ದರೆ ರಕ್ತದ ಸಕ್ಕರೆಯೂ ಕುಸಿಯಬಹುದು. ಎದ್ದು ನಿಂತಾಗ ತಲೆ ಸುತ್ತಿದರೆ ಅದನ್ನು ಪಥ್ಯದ ಯಶಸ್ಸೆಂದು ತಿಳಿಯಬೇಡಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಊಟ ಬದಲಿಸುವ ಮೊದಲೇ ನಿಮ್ಮ ವೈದ್ಯರಿಗೆ ತಿಳಿಸಿ.